ಮುಟ್ಟಿದರೆ ಒಣಗಿದ್ದ ಬಣ್ಣ

ಭಾನುವಾರ ಬೆಳಿಗ್ಗೆ ಕಗ್ಗದಾಸಪುರದ ಆ ಮಹಡಿ ಮನೆಯ ಕಬ್ಬಿಣದ ಬಾಗಿಲು ಕೊನೆಗೂ ಹಾರೆಗೆ ಮಣಿಯಿತು. ಒಳಗೆ ಮುರಳಿ ಕುರ್ಚಿಯಲ್ಲಿ ಕೂತಿದ್ದ. ಜೀವವಿರಲಿಲ್ಲ. ಪಕ್ಕದಲ್ಲಿ ಒಂದೇ ಲೋಟ. ಕಾಫಿಯಲ್ಲಿ ವಿಷ.

"ಚಿಲಕ ಹಾಕ್ಕೊಂಡ್ಬಿಟ್ಟಿದ್ದ ಮೇಡಂ. ಒಂಟಿ ಜೀವ ನೋಡಿ," ಅಂದ ಮನೆ ಮಾಲೀಕ ಪಿಳ್ಳಪ್ಪ.

ಬೀದಿಯೂ ಒಪ್ಪಿತು. ಒಂಟಿಯಾಗಿದ್ದವನು ಸತ್ತರೆ ಬೇರೆ ಕಾರಣ ಹುಡುಕುವ ಶ್ರಮ ಯಾರಿಗೂ ಬೇಡ.

ಇನ್ಸ್‌ಪೆಕ್ಟರ್ ಸಂಘಮಿತ್ರಾ ಮೆಟ್ಟಿಲ ಮೇಲಿದ್ದ ವೇದಾಳ ಪಕ್ಕ ಕೂತರು. ಮುರಳಿಯ ತಂಗಿ. ಜಗಳವಾಡಿ ಹೋದವಳು, ವರ್ಷಗಳ ಮೇಲೆ ಇವತ್ತೇ ಬಂದಿದ್ದು.

"ನಿನ್ನೆ ಫೋನಲ್ಲಿ ಬಾ ಅಂದ. ನಾಳೆ ಬರ್ತೀನಿ ಅಂದೆ. ಅದಕ್ಕೇನಾ ಮೇಡಂ?" ಮೂಗೊರೆಸಿಕೊಂಡಳು. "ಬಾಗಿಲಿಗೆ ನಿನಗಿಷ್ಟದ ಹಸಿರು ಹೊಡೀತಿದೀನಿ ಅಂದಿದ್ದ. ಸಾಯೋನು ಬಣ್ಣ ಹೊಡೀತಾನಾ?"

\*

ಮುರಳಿಯ ಮನೆಗೆ ಬರುತ್ತಿದ್ದವನು ವಿಕ್ರಮ್ ಒಬ್ಬನೇ. ಇಬ್ಬರೂ ಒಂದೇ ಪೇಂಟ್ ಘಟಕದ ಸಹೋದ್ಯೋಗಿಗಳು.

"ನಿನ್ನೆ ಮಧ್ಯಾಹ್ನ ಕಾಫಿಗೆ ಬಂದಿದ್ದೆ. ಡಲ್ ಆಗಿದ್ದ. ಕತ್ತಲಾದ್ಮೇಲೆ ಮತ್ತೆ ಬಂದೆ. ಬಾಗಿಲು ತೆಗೆದು ಮಾತಾಡ್ದ. ನಾನು ಹೊರಟಾಗ ಚಿಲಕ ಹಾಕಿದ ಸದ್ದೂ ಕೇಳಿಸ್ತು."

"ಬನ್ನಿ, ಆ ಚಿಲಕ ನೋಡಣ."

ಚಿಲಕ ಹಿಂದಕ್ಕೆ ಸರಿದೇ ಇತ್ತು. ಅದರ ಮೇಲೂ ಹಸಿರು. ಬಣ್ಣದ ಪೊರೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ.

"ಬಣ್ಣ ಹೊಡೆದ್ಮೇಲೆ ಇದು ಅಲ್ಲಾಡೇ ಇಲ್ಲ. ನಿಮಗೆ ಕೇಳಿಸಿದ್ದು ಯಾವ ಸದ್ದು?"

 ಪಿಳ್ಳಪ್ಪ ಮುಂದೆ ಬಂದ. "ಮತ್ತೆ ಬಾಗಿಲು ಹಿಡ್ಕೊಂಡಿದ್ದು ಯಾರು ಮೇಡಂ, ದೆವ್ವನಾ?"

"ಬಣ್ಣ ರೀ. ಬಾಗಿಲಿಗೂ ಚೌಕಟ್ಟಿಗೂ ಹೊಸ ಬಣ್ಣ. ಮೇಲೆ ಒಣಗಿತ್ತು, ಒಳಗೆ ಹಸಿ. ಮಧ್ಯಾಹ್ನದ ಪಡುವಣ ಬಿಸಿಲಿಗೆ ಕಬ್ಬಿಣ ಕಾದು ಹಿಗ್ಗಿ ಚೌಕಟ್ಟಿಗೆ ಒತ್ತಿದೆ. ಎರಡೂ ಕಡೆ ಬಣ್ಣ ಮೆತ್ತಗಾಗಿ, ಚಪ್ಪಟೆಯಾಗಿ, ಒಂದೇ ಆಗಿದೆ. ಕತ್ತಲಾದ್ಮೇಲೆ ತೆಗೆದಿದ್ರೆ ಆಗಲೇ ಕಿತ್ತು ಬರ್ತಿತ್ತು. ತಂಪಲ್ಲಿ ಮತ್ತೆ ಹೀಗೆ ಅಂಟ್ತಿರಲಿಲ್ಲ. ಮಧ್ಯಾಹ್ನ ಮುಚ್ಚಿದ ಬಾಗಿಲನ್ನ ಮೊದಲು ತೆಗೆದಿದ್ದು ನಿಮ್ಮ ಹಾರೆ." ವಿಕ್ರಮ್ ಕಡೆ ತಿರುಗಿದರು. "ಬಣ್ಣದ ಕೆಲಸ ಗೊತ್ತಿದ್ದ ಮುರಳಿ ಹಸಿ ಬಾಗಿಲು ಮುಚ್ಚಲ್ಲ. ಮುಚ್ಚಿದ್ದು ನೀವು. ನಿಮ್ಮ ಲೋಟ ತೊಳೆದಿಟ್ಟು."

ವಿಕ್ರಮ್ ಒಪ್ಪಿಕೊಂಡ. ಘಟಕದಲ್ಲಿ ಪರೀಕ್ಷೆ ಮಾಡದೆ ಮಾಲು ಪಾಸ್ ಮಾಡುತ್ತಿದ್ದ. ಸೋಮವಾರ ಮುರಳಿ ಅದನ್ನು ಮೇಲಿನವರಿಗೆ ಹೇಳುವವನಿದ್ದ. ಈ ಬಾಗಿಲನ್ನೂ ವಿಕ್ರಮ್ ಹಾಗೆಯೇ ಪಾಸ್ ಮಾಡಿದ್ದ: ಬೆರಳಿಟ್ಟು ನೋಡಿ, ಒಣಗಿದೆ ಅಂದುಕೊಂಡು.

\*

ವಿಕ್ರಮ್‌ನನ್ನು ಕೂರಿಸಿಕೊಂಡು ಜೀಪು ಹೋಯಿತು. ವೇದಾ ಹೊಸ್ತಿಲಲ್ಲೇ ನಿಂತಿದ್ದಳು.

"ಹಾಗಾದ್ರೆ ಅಣ್ಣ ಚಿಲಕ ಹಾಕಿರಲಿಲ್ವಾ?"

"ಇಲ್ಲಮ್ಮ," ಅಂದರು ಸಂಘಮಿತ್ರಾ. "ತೆಗೆದೇ ಇಟ್ಟಿದ್ದ."

ಮೂಲೆಯಲ್ಲಿ ಒಂದು ಇಟ್ಟಿಗೆ ಬಿದ್ದಿತ್ತು, ಅಂಚಿಗೆ ಹಸಿರು ಮೆತ್ತಿಕೊಂಡು. ವೇದಾ ಅದನ್ನು ತಂದು ಬಾಗಿಲಿಗೆ ಒತ್ತು ಕೊಟ್ಟಳು. ಆಮೇಲೆ ಒಳಗೆ ಬಂದಳು.