ಇಳಿಜಾರಿನಲ್ಲಿ ತಳ್ಳಿಕೊಂಡು

ಏಪ್ರಿಲ್ ತಿಂಗಳ ಸೈಕಲ್ ಸಂತೆಯಲ್ಲಿ ಬುರ್ಗಿ ಒಂದು ಸುಳ್ಳು ಹೇಳಿದಳು. ಹೇಳಬೇಕೆಂದು ಹೊರಟವಳೇನಲ್ಲ. ಎದುರಿಗೆ ನಿಂತವನು ಹಾಗೆ ನಕ್ಕುಬಿಟ್ಟ, ಏನು ಮಾಡುವುದು!

ಆಲ್ಪ್ಸ್ ಬೆಟ್ಟಗಳ ನಡುವಿನ ನಮ್ಮ ಟಿರೋಲ್ ಕಣಿವೆಯಲ್ಲಿ ಹಿಮ ಕರಗಿದ್ದೇ ತಡ, ಶಾಲೆಯ ಅಂಗಳದಲ್ಲಿ ಈ ಸಂತೆ ಸೇರುತ್ತದೆ. ಮಕ್ಕಳು ಉದ್ದವಾಗಿ, ಸೈಕಲ್ ಗಿಡ್ಡವಾಗಿ, ಒಬ್ಬರ ಮನೆಯದು ಇನ್ನೊಬ್ಬರ ಮನೆ ಸೇರುವ ದಿನ ಅದು. ಬುರ್ಗಿ ತನ್ನ ಎಂಟು ವರ್ಷದ ಮಗಳು ಫಾನ್ನಿಗೆ ಒಂದು ಸೈಕಲ್ ನೋಡಲು ಬಂದಿದ್ದಳು. ಬಡಗಿ ಕಾಸಿಯನ್ ಮೇಜಿನ ಹಿಂದೆ ನಿಂತು ಬ್ರೇಕು ಬಿಗಿ ಮಾಡುತ್ತಿದ್ದ. ಸೈಕಲ್ ಕ್ಲಬ್ಬಿನ ಮಕ್ಕಳಿಗೆಲ್ಲ ಅವನೇ ಗುರು.

“ಇದು ನಿಮಗಾ?” ಎಂದ, ಒಂದು ಪುಟ್ಟ ಕೆಂಪು ಸೈಕಲ್ ತೋರಿಸಿ.

“ನನ್ನ ಮಗಳಿಗೆ,” ಎಂದಳು ಬುರ್ಗಿ, ನಗು ತಡೆಯುತ್ತ.

“ಹಾಗಾದ್ರೆ ನಿಮ್ಮದು?” ಎಂದು ನಕ್ಕ ಕಾಸಿಯನ್.

“ಮನೇಲಿದೆ.”

“ಏರು ಇಷ್ಟಾನಾ, ಇಳಿಜಾರು ಇಷ್ಟಾನಾ?”

“ಇಳಿಜಾರು.” ಅಷ್ಟಕ್ಕೆ ಬಾಯಿ ಮುಚ್ಚಬಾರದಿತ್ತೇ? “ಇಳಿಜಾರು ಅಂದ್ರೆ ನಂಗೆ ಪ್ರಾಣ!”

ಕಾಸಿಯನ್ ತಲೆ ಎತ್ತಿ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ. ಫಾನ್ನಿಯೂ ಅಮ್ಮನ ಮುಖ ನೋಡಿದಳು. ಅಮ್ಮನಿಗೆ ಸೈಕಲ್ಲೇ ಬರುವುದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಬೆಟ್ಟದ ಹೆಣ್ಣಿಗೆ ಸೈಕಲ್ ಬರುವುದಿಲ್ಲವೆಂದರೆ ನಂಬುವವರು ಯಾರು? ಆದರೆ ಬುರ್ಗಿ ಹುಟ್ಟಿದ್ದು ಓಬರೆಗ್‌ನಲ್ಲಿ, ಕಣಿವೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಮನೆಯಲ್ಲಿ. ಅಲ್ಲಿನ ಕೋಳಿಗಳು ಜಾರಿ ಬೀಳದಿರಲೆಂದು ಕಾಲಿಗೆ ಮೊಳೆ ಕಟ್ಟಿಕೊಂಡು ಮೇಯುತ್ತವೆ ಎಂದು ನಾವು ಹಾಸ್ಯ ಮಾಡುತ್ತೇವೆ. ಹುಲ್ಲು ಕೊಯ್ಯುವಾಗ ಸಣ್ಣ ಮಕ್ಕಳು ಉರುಳಿ ಹೋಗದಿರಲೆಂದು ಗೂಟಕ್ಕೆ ಹಗ್ಗದಿಂದ ಕಟ್ಟುತ್ತಿದ್ದರಂತೆ, ಬುರ್ಗಿಯನ್ನೂ ಕಟ್ಟಿದ್ದರು. ಚಳಿಗಾಲದಲ್ಲಿ ಜಾರುಬಂಡಿ, ಬೇಸಿಗೆಯಲ್ಲಿ ಕಾಲು. ಸೈಕಲ್ ಕಲಿಯಲು ಹಾಸಿಗೆಯಗಲದ ಸಪಾಟು ನೆಲವಾದರೂ ಬೇಕಲ್ಲ, ಅದೇ ಇರಲಿಲ್ಲ. ಕೆಳಗಿಳಿದು ಬೇಕರಿ ಕೆಲಸಕ್ಕೆ ಸೇರುವಷ್ಟರಲ್ಲಿ ದೊಡ್ಡ ಹುಡುಗಿಯಾಗಿದ್ದಳು. ಮಕ್ಕಳು ತೊಟ್ಟಿಲಿನಿಂದ ನೇರ ಸೈಕಲ್ ಸೀಟಿಗೆ ಇಳಿಯುವ ಊರಿನಲ್ಲಿ, ಆ ವಯಸ್ಸಿಗೆ, ಕಲಿಸಿಕೊಡಿ ಎಂದು ಯಾರನ್ನು ಕೇಳುವುದು? ನಾಚಿಕೆಯಿಂದ ಬಾಯಿ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಸಂತೆಯಾದ ಮರುದಿನದಿಂದ ಕಾಸಿಯನ್ ಬ್ರೆಡ್ಡಿಗೆ ಬರತೊಡಗಿದ. ಹೆಂಡತಿ ಅವನನ್ನು ಬಿಟ್ಟು ಗ್ರಾಟ್ಸ್ ಊರಿಗೆ ಹೋದ ಮೇಲೆ ಮನೆಯಲ್ಲಿ ಅವನು, ಮಗ ಸೆವೆರಿನ್, ಪುಟ್ಟ ಮಗಳು ರೋಸ, ಮೂರೇ ಜನ. ಒಯ್ಯುತ್ತಿದ್ದ ಬ್ರೆಡ್ಡು ಮಾತ್ರ ಮದುವೆಮನೆಗಾಗುವಷ್ಟು.

“ಇಷ್ಟೊಂದು ಯಾರು ತಿಂತಾರೆ?” ಎಂದು ಬುರ್ಗಿ ಕೆಣಕಿದಳು.

“ಕೋಳಿ ಸಾಕಿದೀನಿ.”

“ಎಷ್ಟು ಕೋಳಿ?”

“ಇನ್ನೂ ತಂದಿಲ್ಲ.”

ಅವನ ಹುಬ್ಬಿನ ಮೇಲೆ ಮರದ ಪುಡಿ ಕೂತಿರುತ್ತಿತ್ತು. ಕೈಚಾಚಿ ಒರೆಸಬೇಕೆಂದು ಬುರ್ಗಿಗೆ ದಿನವೂ ಅನ್ನಿಸುತ್ತಿತ್ತು. ಫಾನ್ನಿ ಹುಟ್ಟುವ ಮೊದಲೇ ಅವಳ ಅಪ್ಪ ಬೆಟ್ಟ ದಾಟಿ ಹೋದಾಗಿನಿಂದ ಹೀಗೆ ಅನ್ನಿಸಿದ್ದು ಇದೇ ಮೊದಲು.

ಮೇ ತಿಂಗಳಲ್ಲಿ ಒಮ್ಮೆ ಇಬ್ಬರೂ ತಂತಮ್ಮ ಮಕ್ಕಳನ್ನು ಕಟ್ಟಿಕೊಂಡು ಆಫ್ರಾ ಅಜ್ಜಿಯ ಗುಡಿಸಲಿಗೆ ನಡೆದು ಹೋದರು. ಅಜ್ಜಿ ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಲ್ಲಿ ದನ ಮೇಯಿಸುತ್ತಾಳೆ, ಬಂದವರಿಗೆ ಮಜ್ಜಿಗೆ, ಗಿಣ್ಣು ಕೊಡುತ್ತಾಳೆ. ಬೆಟ್ಟದಲ್ಲಿ ಅಷ್ಟು ಎತ್ತರ ಹತ್ತಿದ ಮೇಲೆ ನಮ್ಮಲ್ಲಿ ಯಾರಿಗೂ ಬಹುವಚನ ಇಲ್ಲ. ಮಂತ್ರಿ ಬಂದರೂ ‘ನೀನು’, ಪಾದ್ರಿ ಬಂದರೂ ‘ನೀನು’.

“ಮಜ್ಜಿಗೆ ತಗೊಳ್ಳಿ,” ಎಂದಳು ಬುರ್ಗಿ.

“ಇಲ್ಲಿ ‘ಗೊಳ್ಳಿ’ ಎಲ್ಲಾ ನಡೆಯಲ್ಲ,” ಎಂದ ಕಾಸಿಯನ್, ಲೋಟಕ್ಕೂ ಮೊದಲು ಅವಳ ಬೆರಳು ಹಿಡಿದು. “ಎಲ್ಲಿ, ಸರಿಯಾಗಿ ಹೇಳು.”

“ತಗೋ, ಮಾರಾಯ,” ಎಂದಳು. ಆ ‘ನೀನು’ ಕೆಳಗಿಳಿದ ಮೇಲೂ ಉಳಿಯಿತು.

ರಜೆಯ ಮಾತು ಎತ್ತಿದವನು ಅವನೇ. ಆಗಸ್ಟಿನಲ್ಲಿ ಐದೂ ಜನ ಸೈಕಲ್ ಮೇಲೆ ಆಲ್ಪ್ಸ್ ದಾಟಿ ಇಟಲಿ ಕಡೆಗೆ ಇಳಿಯುವುದು, ರಾತ್ರಿ ಬೆಟ್ಟದ ಗುಡಿಸಲುಗಳಲ್ಲಿ ಮಲಗುವುದು. ಅವನೇ ಮಾಡಿದ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿತು. ಸೆವೆರಿನ್‌ಗೆ ಕಲ್ಲಿನ ಇಳಿಜಾರು ಬೇಕು. ರೋಸಳಿಗೆ ದಿನಕ್ಕೊಂದು ಕೆರೆ ಬೇಕು. ಫಾನ್ನಿಗೆ ಎಲ್ಲರಿಗಿಂತ ಮುಂದೆ ಹೋಗಬೇಕು.

“ಮುಂದೆ ನಾನು,” ಎಂದ ಕಾಸಿಯನ್. “ಏರು ಬಂದಾಗ ರೋಸಳ ಸೈಕಲ್ಲಿಗೆ ನನ್ನ ಸೈಕಲ್ಲಿಂದ ಎಳೆಯೋ ಹಗ್ಗ. ಮಧ್ಯೆ ನೀವು ಬಾತುಕೋಳಿ ಮರಿಗಳು. ಎಲ್ಲರ ಹಿಂದೆ ಬುರ್ಗಿ. ಕೊನೇಲಿ ಬರೋರು ಗಟ್ಟಿಗರಾಗಿರಬೇಕು, ಇಡೀ ಸಂಸಾರ ಅವರ ಕಣ್ಣಲ್ಲಿರುತ್ತೆ.”

ಇಡೀ ಸಂಸಾರ ಎಂದನಲ್ಲ! ಬುರ್ಗಿ ನಕ್ಷೆಯ ಮೇಲೆ ಬಗ್ಗಿದಳು, ಕಣ್ಣು ತುಂಬಿದ್ದು ಕಾಣದಿರಲೆಂದು. ಆ ಸಾಲಿನ ಕೊನೆಯ ಜಾಗ ಅವಳಿಗೆ ಬೇಕಿತ್ತು. ಈ ಲೋಕದಲ್ಲಿ ಅದೊಂದೇ ಬೇಕಿತ್ತು.

ಮನೆಗೆ ಹೋಗುವಾಗ ಫಾನ್ನಿ ಕೈಜಗ್ಗಿದಳು. “ಹೇಳ್ಬಿಡಮ್ಮ.”

“ಹೇಳ್ತೀನಿ.”

“ಯಾವಾಗ? ಇಟಲೀಲಾ?”

ಹೇಳಬೇಕೆಂದು ಬುರ್ಗಿ ಬೆಳಿಗ್ಗೆ ಎದ್ದಾಗ ನಿರ್ಧರಿಸುತ್ತಿದ್ದಳು. ಕಾಸಿಯನ್ ಬೇಕರಿಯ ಬಾಗಿಲು ತೆರೆದಾಗ ಬರೀ ಬ್ರೆಡ್ಡು ಕಟ್ಟಿ ಕೊಡುತ್ತಿದ್ದಳು. ಇವಳೇನು ಬೆಟ್ಟದವಳೋ, ಸುಳ್ಳುಬುರುಕಿಯೋ ಎಂದು ಅವನು ನಕ್ಕರೆ? ನಗದೆ ಸುಮ್ಮನೆ ಹೊರಟುಹೋದರೆ? ಅಷ್ಟರಲ್ಲಿ ಒಂದು ದಿನ ಅವನು ಹೇಳಿದ, “ಭಾನುವಾರ ಎಲ್ಲರೂ ಸೈಕಲ್ ತಗೊಂಡು ಆಫ್ರಾ ಅಜ್ಜಿ ಹತ್ರ ಹೋಗಿ ಇಳಿದು ನೋಡೋಣ. ಮಕ್ಕಳಿಗೆ ಅಭ್ಯಾಸ ಆಗುತ್ತೆ.”

ನಿಜ ಹೇಳಿಬಿಡಬೇಕೆಂದು ಬುರ್ಗಿ ಬಾಯಿ ತೆರೆದಳು. ಬಾಯಿಂದ ಬಂದದ್ದು ಮಾತ್ರ ಬೇರೆಯೇ.

“ಅದು… ಫಾನ್ನಿಗೆ ಆಗಲ್ಲ. ಅವಳಿಗೆ ಇಳಿಜಾರು ಅಂದ್ರೆ ಭಯ. ಮನೇಲಿ ಅಳ್ತಾಳೆ. ನಾನು ಅವಳ ಜೊತೆ ನಡ್ಕೊಂಡೇ ಇಳೀತೀನಿ. ಯಾರ ಹತ್ರಾನೂ ಹೇಳ್ಬೇಡ.”

ಕಾಸಿಯನ್‌ನ ಮುಖ ಮೆತ್ತಗಾಯಿತು. “ಅಯ್ಯೋ ಪಾಪ, ಮೊದಲೇ ಹೇಳೋದಲ್ವಾ? ನಾನು ನೋಡ್ಕೋತೀನಿ ಬಿಡು.”

ಅವನು ಹೋದ ಮೇಲೆ ಬುರ್ಗಿ ಬ್ರೆಡ್ಡಿನ ಬುಟ್ಟಿಗಳ ಹಿಂದೆ ನಿಂತು ತನಗೆ ತಾನೇ ಛೀ ಎಂದುಕೊಂಡಳು. ಹೆತ್ತ ಮಗಳ ಹೆಸರನ್ನು ಮುಂದೆ ಹಿಡಿದು ಅದರ ಹಿಂದೆ ಅಡಗಿದ್ದಳು. ಫಾನ್ನಿಗೆ ತಿಳಿಸಲೂ ಧೈರ್ಯ ಬರಲಿಲ್ಲ.

ಭಾನುವಾರ ಬುರ್ಗಿ ಪಕ್ಕದ ಮನೆಯ ಸೈಕಲ್ ಕಡ ತಂದಳು. ಏರಿನ ದಾರಿಯಲ್ಲಿ ತಳ್ಳುವುದಕ್ಕೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಅರ್ಧ ಕಣಿವೆಯೇ ತಳ್ಳಿಕೊಂಡು ಹತ್ತುತ್ತಿತ್ತು. ಇಳಿಯುವಾಗ ತಳ್ಳಿದರೆ ಮಾತ್ರ ಮುಗಿಯಿತು, ಆ ಮನುಷ್ಯನ ಮೊಮ್ಮಕ್ಕಳನ್ನೂ ಆಡಿಕೊಳ್ಳುತ್ತಾರೆ.

ಗುಡಿಸಲ ಮುಂದಿನ ಬೆಂಚುಗಳು ತುಂಬಿದ್ದವು. ಎಲ್ಲರೂ ಪರಿಚಯದವರು, ಅರ್ಧಕ್ಕರ್ಧ ಬೇಕರಿಯ ಗಿರಾಕಿಗಳು. ಎಲ್ಲರೂ ತಿಂದು ಮುಗಿಸಿದ ಮೇಲೆ ಕಾಸಿಯನ್ ಫಾನ್ನಿಯ ಮುಂದೆ ಮೊಣಕಾಲೂರಿ ಕೂತ.

“ಪುಟ್ಟಿ, ಭಯ ಆಗೋದು ತಪ್ಪಲ್ಲ,” ಎಂದ ಮೆಲ್ಲಗೆ. “ನಂಗೂ ಆಗ್ತಿತ್ತು. ಅಳು ಬಂದ್ರೆ ಅತ್ಬಿಡು, ಆಯ್ತಾ?”

ಫಾನ್ನಿಗೆ ಅರ್ಥವಾಗಲಿಲ್ಲ. ಶಾಲೆಯ ಮೆಟ್ಟಿಲ ಮೇಲಿಂದ ಸೈಕಲ್ ಹಾರಿಸಿ ಹೆಡ್ ಮಾಸ್ಟರಿಂದ ಬೈಸಿಕೊಂಡ ಹುಡುಗಿ ಅದು. ಅವಳು ತಿರುಗಿ ಅಮ್ಮನನ್ನು ನೋಡಿದಳು. ಬುರ್ಗಿ ನೆಲ ನೋಡಿದಳು. ಮಗುವಿಗೆ ಎಲ್ಲ ಹೊಳೆಯಿತು.

“ಹೂಂ,” ಎಂದಳು ಫಾನ್ನಿ. “ನಂಗೆ ಭಯ.”

“ಎಲಾ! ಇಷ್ಟು ದಿನ ಬರೀ ಜಂಬ ಕೊಚ್ಚಿದ್ದಾ?” ಎಂದು ಸೆವೆರಿನ್ ನಕ್ಕ. “ಪುಕ್ಕಲಿ!”

“ಬಾಯಿ ಮುಚ್ಚೋ,” ಎಂದು ಗದರಿಸಿ ಕಾಸಿಯನ್ ರೋಸಳ ಹಗ್ಗ ತೆಗೆದ. “ಇವತ್ತು ಇದು ಫಾನ್ನಿಗೆ, ಧೈರ್ಯಕ್ಕೆ. ನನ್ನ ಹಿಂದೇನೇ ಮೆಲ್ಲಗೆ ಬಾ, ಬುರ್ಗಿ ಪಕ್ಕದಲ್ಲೇ ಇರ್ತಾಳೆ.” ಕೆಂಪು ಸೈಕಲ್ಲಿನ ಹ್ಯಾಂಡಲ್ಲಿಗೆ ಹಗ್ಗದ ಗಂಟು ಬಿತ್ತು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಫಾನ್ನಿ ತುಟಿ ಕಚ್ಚಿಕೊಂಡು, ಕಿವಿಯವರೆಗೂ ಕೆಂಪಾಗಿ, ಸುಮ್ಮನೆ ನಿಂತಿದ್ದಳು.

ಆ ಹಗ್ಗ ಬುರ್ಗಿಗೆ ನೋಡಲಾಗಲಿಲ್ಲ.

“ಬಿಚ್ಚು ಅದನ್ನ!” ಎಂದಳು. ಎಷ್ಟು ಜೋರಾಗಿ ಎಂದರೆ ಮೇಯುತ್ತಿದ್ದ ಹಸು ಕತ್ತೆತ್ತಿತು. “ಅವಳಿಗೆ ಭಯ ಇಲ್ಲ. ನಂಗೆ. ನಂಗೆ ಸೈಕಲ್ ಹೊಡೆಯೋಕೇ ಬರಲ್ಲ. ಯಾವತ್ತೂ ಬಂದಿಲ್ಲ. ಸಂತೇಲಿ ಸುಳ್ಳು ಹೇಳ್ದೆ, ಆಮೇಲೆ ಅದನ್ನ ಮುಚ್ಚೋಕೆ ಇವಳ ತಲೆಗೆ ಕಟ್ದೆ. ನನ್ನ ಮಗಳ ತಲೆಗೆ!”

ಆಫ್ರಾ ಅಜ್ಜಿ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು, ಅದೂ ಬಿಡಲಿಲ್ಲ.

ಕಾಸಿಯನ್ ಗಂಟು ಬಿಚ್ಚಿ, ಹಗ್ಗ ಸುತ್ತಿ, ಎದ್ದು ನಿಂತ.

“ನನ್ನ ಹತ್ರ ಏನೂ ಹೇಳ್ಬೇಡಿ,” ಎಂದ. “ಅವಳ ಹತ್ರ ಹೇಳಿ.”

ಹೇಳ್ಬೇಡಿ. ಹೇಳಿ. ಮಂತ್ರಿಗೂ ಇಲ್ಲದ ಮರ್ಯಾದೆ, ಆ ಎತ್ತರದಲ್ಲಿ, ಎಲ್ಲರೆದುರು. ಕೆನ್ನೆಗೆ ಹೊಡೆದಿದ್ದರೂ ಬುರ್ಗಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅವಳು ಮಗಳ ಮುಂದೆ ಕೂತಳು. “ತಪ್ಪಾಯ್ತು ಕಣೇ.”

ಫಾನ್ನಿ ಈಗ ಅಳತೊಡಗಿದಳು, ಸಿಟ್ಟಿನಿಂದ. “ಈಗ ಯಾಕೆ ಹೇಳ್ದೆ? ನಾನು ಎಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ದೆ!” ಎಂದವಳೇ ಸೈಕಲ್ ಹತ್ತಿ, ಕಣ್ಣೊರೆಸಿಕೊಂಡು, ಬೆಂಚುಗಳ ಮುಂದಿನಿಂದಲೇ ಹಾರಿಸಿಕೊಂಡು ಇಳಿದಳು. ಸೆವೆರಿನ್ ಬಾಯಿ ಬಿಟ್ಟುಕೊಂಡು ಹಿಂದೆ ಓಡಿಸಿದ. ಕಾಸಿಯನ್ ರೋಸಳನ್ನು ಕರೆದುಕೊಂಡು ಅವರ ಹಿಂದೆ ಹೊರಟ. ಬುರ್ಗಿಯ ಕಡೆ ನೋಡಲಿಲ್ಲ.

ಬುರ್ಗಿ ಒಬ್ಬಳೇ ಕಡದ ಸೈಕಲ್ ತಳ್ಳಿಕೊಂಡು ಇಳಿಯತೊಡಗಿದಳು. ಸಾಲಿನ ಕೊನೆಯ ಜಾಗ ಕೇಳಿದ್ದಳಲ್ಲ, ಸಿಕ್ಕಿತು! ಮುಂದೆ ಯಾರೂ ಇರಲಿಲ್ಲ, ಅಷ್ಟೇ. ಹಿಂದಿನಿಂದ ಬಂದವರೆಲ್ಲ ಕೇಳುತ್ತಿದ್ದರು, “ಪಂಕ್ಚರ್ರಾ?” ಅವಳು ಪ್ರತಿ ಸಲ “ಅಲ್ಲ” ಎಂದಳು. ಹೌದು ಎನ್ನಬಹುದಿತ್ತು. ಇನ್ನೊಂದು ಸುಳ್ಳಿಗೆ ಅವಳಲ್ಲಿ ಜೀವ ಉಳಿದಿರಲಿಲ್ಲ.

ಪೈನ್ ಮರಗಳ ತಿರುವಿನಲ್ಲಿ ಕಾಸಿಯನ್ ನಿಂತಿದ್ದ. ಮಕ್ಕಳು ಕೆಳಗಿನ ತಿರುವಿನಲ್ಲಿ ತೊರೆಗೆ ಕಲ್ಲು ಎಸೆಯುತ್ತಿದ್ದರು. ಬುರ್ಗಿ ಹತ್ತಿರ ಬಂದಾಗ ಅವನು ತನ್ನ ಸೈಕಲ್ಲನ್ನು ಅವಳದರ ಪಕ್ಕಕ್ಕೆ ತಂದು, ತಳ್ಳತೊಡಗಿದ.

“ನೀನು ಹತ್ತಿ ಹೋಗು,” ಎಂದಳು ಬುರ್ಗಿ. “ಎಲ್ಲಾ ನೋಡ್ತಾರೆ.”

“ನೋಡ್ಲಿ.”

ಅಷ್ಟರಲ್ಲಿ ಹಿಂದಿನಿಂದ ಕ್ಲಬ್ಬಿನ ಗಾಲ್ಲುಸ್ ಬಂದ. ಬಾಯಿ ಸುಮ್ಮನಿರುವ ಜಾತಿಯಲ್ಲ ಅವನದು. “ಏನೋ ಕಾಸಿಯನ್, ಪಂಕ್ಚರ್ರಾ? ಪಂಪ್ ಕೊಡ್ಲಾ?”

“ಬೇಡ. ಟೈರ್ ಚೆನ್ನಾಗಿದೆ.”

“ಮತ್ತೆ?”

“ತಳ್ತಾ ಇದೀನಿ.”

“ಇಳಿಜಾರಲ್ಲಾ?”

“ಹೂಂ. ಇಳಿಜಾರಲ್ಲೇ. ಕೆಳಗೆ ಹೋಗಿ ಎಲ್ಲರಿಗೂ ಹೇಳು.”

ಗಾಲ್ಲುಸ್ ಹೇಳುವುದಕ್ಕೇ ಹುಟ್ಟಿದವನು, ಗಾಳಿಯಂತೆ ಹೋದ. ಬುರ್ಗಿಗೆ ಆಗ ಅಳು ಬಂತು.

“ಯಾಕೆ ಹೀಗ್ ಮಾಡ್ದೆ? ನಾಳೆಯಿಂದ ನಿನ್ನನ್ನೂ ಆಡ್ಕೋತಾರೆ.”

“ನಂಗಿನ್ನೂ ಸಿಟ್ಟಿದೆ,” ಎಂದ ಅವನು, ದಾರಿ ನೋಡುತ್ತ. “ಸೈಕಲ್ ಬರಲ್ಲ ಅಂತ ಅಲ್ಲ. ಆ ಮಗು ಮುಖ ನೋಡಿದೆಯಾ? ಹಗ್ಗ ಕಟ್ಟಿದ್ದು ನನ್ನ ಕೈ, ಬುರ್ಗಿ. ನನ್ನ ಕೈಲೇ ಕಟ್ಟಿಸ್ದೆ ನೀನು.”

“ಗೊತ್ತು.”

“ಸಿಟ್ಟು ಇಳಿಯೋಕೆ ಟೈಮ್ ಬೇಕು. ಅಲ್ಲೀತನಕ ಸಿಟ್ಟು ಇಟ್ಕೊಂಡೇ ಪಕ್ಕದಲ್ಲಿ ತಳ್ತೀನಿ. ಆಗಬಹುದಾ?”

ಬುರ್ಗಿ ತಲೆಯಾಡಿಸಿದಳು. ಅವನು ‘ನೀನು’ ಎಂದಿದ್ದ. ಅದು ಅವಳಿಗೆ ಆಮೇಲೆ ಹೊಳೆಯಿತು.

ಕೆಳಗಿನ ತಿರುವಿನಲ್ಲಿ ಮಕ್ಕಳು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

“ನನ್ನ ಹಗ್ಗ ಬುರ್ಗಿಗೆ ಕೊಡ್ತೀನಿ,” ಎಂದಳು ರೋಸ. “ಆದ್ರೆ ಆಮೇಲೆ ವಾಪಸ್ ಕೊಡ್ಬೇಕು.”

ಫಾನ್ನಿ ಉತ್ತರ ಕಾಯಲಿಲ್ಲ. ಹಗ್ಗವನ್ನು ಅಮ್ಮನ ಹ್ಯಾಂಡಲ್ಲಿಗೆ ಬಿಗಿದಳು, ಗಂಟು ಎರಡು ಸಲ ಎಳೆದು ನೋಡಿದಳು. “ಊರೊಳಗೆ ಹೀಗೇ ಹೋಗೋದು. ಬೇಕರಿ ಮುಂದಿಂದ. ಗೊತ್ತಾಯ್ತಾ? ನಾಳೆ ಸಂಜೆ ಚರ್ಚ್ ಹಿಂದೆ ಪಾಠ. ಅತ್ರೆ ನಾನೇನೂ ಅನ್ನಲ್ಲ.”

“ಆಯ್ತು ಮೇಡಂ,” ಎಂದಳು ಬುರ್ಗಿ, ಮೂಗೊರೆಸಿಕೊಂಡು.

ಹಾಗೇ ಹೊರಟಿತು ಮೆರವಣಿಗೆ. ಮುಂದೆ ತನ್ನ ಸೈಕಲ್ ತಳ್ಳುತ್ತ, ಹಗ್ಗ ಜಗ್ಗುತ್ತ ಫಾನ್ನಿ, ಹಿಂದೆ ಬುರ್ಗಿ, ಅವಳ ಪಕ್ಕ ಕಾಸಿಯನ್. ಸೆವೆರಿನ್ ಬಹಳ ಹೊತ್ತು ಬ್ರೇಕು ಹಿಡಿದು ಓಲಾಡಿದ, ಕಡೆಗೆ ಅವನೂ ಇಳಿದು ತಳ್ಳಿದ. ರೋಸ ಮಾತ್ರ ಇಳಿಯಲಿಲ್ಲ, ಸೈಕಲ್ ಈಗಷ್ಟೇ ಕಲಿತ ಹುರುಪು ಅವಳಿಗೆ. ಊರ ನಡುವಿನ ಕಾರಂಜಿಯ ಕಟ್ಟೆ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಬುರ್ಗಿ ಈ ಸಲ ನೆಲ ನೋಡಲಿಲ್ಲ.

“ಆಗಸ್ಟಿನ ಹೊತ್ತಿಗೆ ನಂಗೆ ಇಳಿಜಾರು ಬರಲ್ಲ,” ಎಂದಳು ಮೆಲ್ಲಗೆ. “ಆಲ್ಪ್ಸ್ ಪೂರ್ತಿ ಹೀಗೆ ತಳ್ಕೊಂಡೇ ದಾಟ್ಬೇಕು.”

“ಹಂಗಾದ್ರೆ ಆ ನಕ್ಷೆ ಬದಲಾಯಿಸ್ಬೇಕು.” ಕಾಸಿಯನ್ ತನ್ನ ಸೈಕಲ್ಲನ್ನು ಅವಳ ಹತ್ತಿರಕ್ಕೆ ಸರಿಸಿದ. “ರಜೆ ಸಾಕಾಗಲ್ಲ ಬುರ್ಗಿ. ಜೀವಮಾನ ಬೇಕಾಗುತ್ತೆ. ನಿಂಗೆ ಪುರುಸೊತ್ತಿದ್ಯಾ?”

ಬುರ್ಗಿ ನಡುಬೀದಿಯಲ್ಲೇ ನಿಂತುಬಿಟ್ಟಳು. ಹಗ್ಗ ಬಿಗಿಯಾಯಿತು.

“ಅಮ್ಮಾ, ನಿಲ್ಬೇಡ!” ಎಂದು ಫಾನ್ನಿ ಮುಂದಿನಿಂದ ಕೂಗಿದಳು. “ಇದೆ ಅಂತ ಹೇಳು, ಬೇಗ ನಡಿ. ಹಸಿವಾಗ್ತಿದೆ.”

“ಇದೆ,” ಎಂದಳು ಬುರ್ಗಿ, ಬೇಕರಿಯ ಬಾಗಿಲಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ. ಆಮೇಲೆ ಕೈಚಾಚಿ ಅವನ ಹುಬ್ಬಿನ ಮೇಲಿನ ದೂಳು ಒರೆಸಿದಳು.