ಮಿಸೆಸ್ ಫ್ರೀಡ್‌ಮನ್ ತೊಳೆದು ಕೊಟ್ಟ ಕಲ್ಲುಗಳು

ನಾನು ಮೊದಲ ಕಲ್ಲು ಕೊಟ್ಟಾಗ ಭಾರ್ಗವ ಅದನ್ನು ಅಂಗೈಯಲ್ಲಿ ಹೊರಳಿಸಿ ನಕ್ಕ. "ಹುಡುಗೀರು ಚಾಕಲೇಟ್ ಕೊಡ್ತಾರೆ ಅಂದ್ಕೊಂಡಿದ್ದೆ."

"ನಮ್ಮ ಕಡೆ ಕಲ್ಲ ಕೊಡ್ತೀವ್ರಿ. ಬ್ಯಾಡಂದ್ರ ವಾಪಸ್ ಕೊಡ್ರಿ."

ಕೊಡಲಿಲ್ಲ. ಮುಷ್ಟಿ ಬಿಗಿಹಿಡಿದು ನನ್ನನ್ನೇ ನೋಡಿದ. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ಕಲ್ಲು ನಮ್ಮ ಪಕ್ಕದ ಮನೆಯ ಯಹೂದಿ ಅಜ್ಜಿ ಮಿಸೆಸ್ ಫ್ರೀಡ್‌ಮನ್ ಅವರದು. ಅವರ ತಾಯಿ ಮಣ್ಣಾದದ್ದು ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ. ಗಣಿ ಮುಚ್ಚಿತು, ಅಲ್ಲಿದ್ದ ಯಹೂದಿಗಳು ಒಬ್ಬೊಬ್ಬರಾಗಿ ಊರು ಬಿಟ್ಟರು. ಗುಡ್ಡದ ಮೇಲೆ ಅವರ ಹಳೆಯ ಸ್ಮಶಾನವಷ್ಟೇ ಉಳಿಯಿತು. ಗೋರಿಯ ಮೇಲೆ ಯಹೂದಿಗಳು ಹೂವಿಗಿಂತ ಪುಟ್ಟ ಕಲ್ಲಿಡುತ್ತಾರೆ, ಯಾರೋ ಬಂದು ಹೋದರು ಎಂಬ ಗುರುತಿಗೆ. ಅಜ್ಜಿಗೆ ಈಗ ಮನೆಯ ಗೇಟು ದಾಟುವ ಶಕ್ತಿಯೂ ಇಲ್ಲ. ಸ್ಟ್ಯಾನ್ಮೋರ್‌ನಲ್ಲಿರುವ ಈ ಮೈಸೂರು ಡಾಕ್ಟರ್ ಭಾರ್ಗವ ಇನ್ನು ತಿಂಗಳಿಗೊಮ್ಮೆ ಅದೇ ಊರಿಗೆ ಡ್ಯೂಟಿಗೆ ಹೋಗುತ್ತಾನೆಂದು ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಗೊತ್ತಾದದ್ದೇ ತಡ, ಅಜ್ಜಿಯ ಪರವಾಗಿ ಕಲ್ಲಿಟ್ಟು ಬರಬೇಕೆಂದು ನಾನು ಗಂಟುಬಿದ್ದೆ.

ಆಮೇಲೆ ಪ್ರತಿ ತಿಂಗಳೂ ಕ್ವೀನ್ಸ್‌ಬರಿ ಸ್ಟೇಷನ್ ಎದುರು ಅವನ ಕಾರು. ಅಜ್ಜಿ ತೋಟದಲ್ಲಿ ಆರಿಸಿ ತೊಳೆದ ಕಲ್ಲನ್ನು ನಾನು ಕೊಡುವುದು, ಅವನು ಹಿಂದಿನ ಸಲದ ಸುದ್ದಿ ಹೇಳುವುದು.

"ಪಾಚಿ ಕೆರೆದು ಹೆಸರು ಕಾಣೋ ಹಾಗೆ ಮಾಡಿದೀನಿ. ಪಕ್ಕದಲ್ಲೇ ಬಿಳಿ ಹೂವಿನ ಗಿಡ ಒಂದು ಬಂದಿದೆ."

ಅದನ್ನು ಅಜ್ಜಿಗೆ ಹೇಳಿದರೆ ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. ಕಲ್ಲು ಕೊಡಲು ಐದು ನಿಮಿಷ ಸಾಕು. ನಮಗೆ ಮಧ್ಯಾಹ್ನವಿಡೀ ಸಾಲುತ್ತಿರಲಿಲ್ಲ.

ತೊಂಬತ್ತೆಂಟರ ಮಾರ್ಚಿನಲ್ಲಿ ನನಗೆ ನೆಗಡಿ. ಟಿಶ್ಯೂ ಹುಡುಕುತ್ತ ಕಾರಿನ ಗ್ಲವ್‌ಬಾಕ್ಸ್ ತೆರೆದೆ. ಅಜ್ಜಿಯ ಕಲ್ಲುಗಳೆಲ್ಲ ಉರುಳಿ ನನ್ನ ಮಡಿಲಿಗೆ ಬಿದ್ದವು.

"ಇವೇನ್ರೀ?"

ಭಾರ್ಗವನ ಮುಖ ಬಿಳಿಚಿಕೊಂಡಿತು. "ಮೊದಲನೇ ತಿಂಗಳೇ ಆ ಡ್ಯೂಟಿ ಕ್ಯಾನ್ಸಲ್ ಆಯ್ತು, ಸ್ಫೂರ್ತಿ. ಹೇಳಿದ್ರೆ ನೀನು ಬರೋದೇ ನಿಂತುಹೋಗುತ್ತೆ ಅಂತ ಭಯ ಆಯ್ತು. ಐ ಲವ್ ಯೂ ಕಣೇ."

ಒಂದು ವರ್ಷ ಕಾದಿದ್ದ ಮಾತು. ಬಂದದ್ದು ಹೀಗೆ.

"ಆ ಬಿಳಿ ಹೂವಿನ ಗಿಡ?"

"ಅದೂ ನಾನೇ ಕಟ್ಟಿ ಹೇಳಿದ್ದು."

"ನನಗೇನ್ ಪ್ರೀತಿ ಇಲ್ಲಂತ ತಿಳಿದ್ರೇನು? ಇರೋದಕ್ಕ ಹೊಟ್ಟಿ ಉರಿಯಾಕತ್ತೈತಿ. ಒಂದ್ ಫೋನ್ ಮಾಡಿ ಬಾ ಅಂದಿದ್ರ ಓಡಿ ಬರ್ತಿದ್ದೆ. ಆ ಅಜ್ಜಿ ತಾಯಿ ಗೋರಿನ ಬೇಕಾಗಿತ್ತೇನ್ರಿ ನಿಮಗ ನೆಪಕ್ಕ?"

ಕಲ್ಲುಗಳನ್ನು ಸ್ಕಾರ್ಫಿನಲ್ಲಿ ಗಂಟು ಕಟ್ಟಿಕೊಂಡು ಇಳಿದುಬಿಟ್ಟೆ.

ಅಜ್ಜಿ ಕಿಟಕಿಯ ಹತ್ತಿರ ಕಾಯುತ್ತಿದ್ದರು. ಅಮ್ಮನ ಗೋರಿಯ ಪಕ್ಕದ ಗಿಡ ಈ ಸಲ ಹೂ ಬಿಟ್ಟಿದೆಯಂತಾ ಎಂದು ಕೇಳಿದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆ ಮುಖ ನೋಡಿ, ಹೌದು, ಗಿಡದ ತುಂಬ ಬಿಟ್ಟಿದೆಯಂತೆ ಅಂದುಬಿಟ್ಟೆ.

ಭಾನುವಾರ ಪ್ಯಾಡಿಂಗ್ಟನ್‌ನಲ್ಲಿ ವೇಲ್ಸ್ ಟ್ರೈನಿಗೆ ಕಾಯುತ್ತಿದ್ದೆ. ಒಂದು ಕೈಯಲ್ಲಿ ಸ್ಕಾರ್ಫಿನ ಗಂಟು, ಇನ್ನೊಂದರಲ್ಲಿ ಬಿಳಿ ಹೂವಿನ ಸಸಿ. ನಮ್ಮಮ್ಮನಿಂದ ಸುದ್ದಿ ತಿಳಿದು ಭಾರ್ಗವ ಓಡಿಬಂದ, ಟಿಕೆಟ್ ಹಿಡಿದುಕೊಂಡು.

"ನಾನೂ ಬರ್ತೀನಿ. ನಾನೇ ಇಡಬೇಕಾಗಿದ್ದ ಕಲ್ಲು ಅವು. ಕ್ಷಮಿಸಲ್ವಾ?"

"ನನಗ ಹೇಳಿದ ಸುಳ್ಳ ಯಾವಾಗೋ ಕ್ಷಮಿಸೇನ್ರಿ." ಸ್ಕಾರ್ಫಿನ ಗಂಟನ್ನು ಎದೆಗವಚಿಕೊಂಡೆ. "ನನ್ನ ಬಾಯಿಲೆ ಅಜ್ಜಿಗೆ ಹೇಳಿಸಿದ್ರಲ್ಲ, ಅದನ್ನ ಹೆಂಗ ಕ್ಷಮಿಸ್ಲಿ?"

ನಾನು ಟ್ರೈನು ಹತ್ತಿದೆ; ಅವನು ನನ್ನ ಹಿಂದೆ ಹತ್ತಲಿಲ್ಲ. ಟ್ರೈನು ಹೊರಟಿತು. ಪಕ್ಕದ ಸೀಟು ಖಾಲಿಯಿತ್ತು; ಸಸಿಯನ್ನು ಅಲ್ಲಿಟ್ಟು, ಬೀಳದಂತೆ ಕೈಯಿಂದ ಹಿಡಿದು ಕೂತೆ.