ಎಡಕ್ಕೆ ಬಿದ್ದ ಹೂವು

ಅಯ್ಯೋ, ಎಡಕ್ಕೆ ಬಿತ್ತು!

ಸರ್ವಮಂಗಳೆ ಮುಗಿದ ಕೈ ಕೆಳಗಿಳಿಸಿದಳು. ಹರಿಹರೇಶ್ವರನ ಮುಡಿಯಿಂದ ಹೂವು ಬಲಕ್ಕೆ ಜಾರಿದರೆ ದೇವರು ‘ಹೂಂ’ ಅಂದ ಹಾಗೆ, ಎಡಕ್ಕೆ ಜಾರಿದರೆ ‘ಊಹೂಂ’. ಇದು ಈ ಸೀಮೆಯ ಮಕ್ಕಳಿಗೂ ಗೊತ್ತು.

ಅವಳು ಕೇಳಿಕೊಂಡಿದ್ದು ಒಂದೇ ಮಾತು. ‘ಪಕ್ಕದಲ್ಲಿ ನಿಂತಿದ್ದಾನಲ್ಲ ಈ ಮನುಷ್ಯ... ತಾನಾಗೇ ಬಾಯಿ ಬಿಡ್ತಾನಾ, ತಂದೆ?’

ಈ ಮನುಷ್ಯ ಅಂದರೆ ಕರಿಬಸವರಾಜ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವಳ ಚಿಕ್ಕಮ್ಮನ ಪಕ್ಕದ ಮನೆಯವನು, ಬಟ್ಟೆ ಮಿಲ್ಲಿನಲ್ಲಿ ಕೆಲಸ. ಬೇಸಿಗೆ ರಜೆಗೆ ತುಮಕೂರಿನಿಂದ ಬಂದ ಮರುದಿನವೇ ಇವಳು ಅಂಗಳಕ್ಕೆ ಎರಚಿದ ನೀರೆಲ್ಲ ಅವನ ಅಂಗಿಯ ಮೇಲೆ! ಬಯ್ಯುತ್ತಾನೆ ಅಂತ ನಡುಗಿದಳು.

“ಇನ್ನೊಂದು ತಂಬಿಗೆ ಹಾಕ್ರಿ, ಜಳಕ ಆಗೇಬಿಡ್ಲಿ,” ಅಂದಿದ್ದ.

ಅವತ್ತು ಆಡಿದ್ದು ಅದೊಂದೇ ಮಾತು. ಆಮೇಲೆ ಒಂದು ತಿಂಗಳು ಬರೀ ನೋಟ, ಬರೀ ನಗು! “ಇವ್ನು ಕರಿಬಸವ ಅಲ್ಲ ಕಣೆ, ಮೂಗಬಸವ,” ಅಂತ ಚಿಕ್ಕಮ್ಮ ಮರುಳಸಿದ್ದಮ್ಮ ನಗುತ್ತಿದ್ದಳು.

ಇವತ್ತು ರಜೆಯ ಕೊನೆಯ ದಿನ. ಹರಿಹರ ತೋರಿಸಿ ಕಳಿಸೋಣ ಅಂತ ಚಿಕ್ಕಮ್ಮನೇ ಅವನನ್ನೂ ಹೊರಡಿಸಿದ್ದಳು. ಸಂಜೆ ಇಲ್ಲಿಂದಲೇ ರೈಲು. ಚಿಕ್ಕಮ್ಮ ತುಮಕೂರಿನ ತನಕ ಬರುತ್ತಾಳೆ, ಅವನು ದಾವಣಗೆರೆಯಲ್ಲಿ ಇಳಿದುಬಿಡುತ್ತಾನೆ. ನಾಡಿದ್ದು ಸೋಮವಾರ ಇವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಅಪ್ಪನ ಮುಂದೆ ‘ಬೇಡ’ ಅನ್ನಬೇಕಾದರೆ ಇವನ ಒಂದು ಮಾತಾದರೂ ಬೇಡವೇ?

ದೇವರೇ ಊಹೂಂ ಅಂದಮೇಲೆ ಇನ್ನೇನಿದೆ... ಅವಳು ಸೆರಗು ಬಿಗಿದುಕೊಂಡು ಸರಸರ ಹೊರಗೆ ನಡೆದಳು.

“ಈ ಕಂಬ ನೋಡ್ರಿ, ಹೆಂಗೆ ಮುಖ ಕಾಣ್ತೈತೆ!” ಅವನು ಹಿಂದೆಯೇ ಬಂದ.

“ನನ್ನ ಮುಖ ನನಗೆ ಗೊತ್ತು.”

ಪಾಪ, ಹುಡುಗ ಪೆಚ್ಚಾದ. ಹೊಳೆಯ ಸೇತುವೆಯ ಮೇಲೆ ಮತ್ತೆ ಧೈರ್ಯ ಮಾಡಿದ. “ಈಗ ನೀರಿಲ್ಲ. ಮಳೆಗಾಲದಾಗೆ ಬಂದ್ರೆ ತುಂಗಭದ್ರೆ ನೋಡೋಕೆ ಎರಡು ಕಣ್ಣು ಸಾಲಲ್ಲ...”

“ಮಳೆಗಾಲಕ್ಕೆ ನಾನ್ಯಾಕೆ ಬರ್ಲಿ? ಇಲ್ಲಿ ನನಗೆ ಯಾರಿದ್ದಾರೆ?”

ಅವನ ಮುಖ ಸಣ್ಣದಾಯಿತು. ಅವಳು ಮನಸ್ಸಿನಲ್ಲೇ ಅಂದುಕೊಂಡಳು, ‘ನಾನಿದೀನಿ ಅನ್ನೋಕೆ ಏನು ಕಷ್ಟ ನಿಮಗೆ!’

ರೈಲು ಹತ್ತಿದರು. ಹರಿಹರದಿಂದ ದಾವಣಗೆರೆಗೆ ಎಷ್ಟು ಹೊತ್ತು ಮಹಾ? ಅರ್ಧ ತಾಸು. ಚಿಕ್ಕಮ್ಮ ಟ್ರಂಕಿಗೆ ಒರಗಿ ಕಣ್ಣು ಮುಚ್ಚಿದಳು. ನಿದ್ದೆಯೋ, ನಿದ್ದೆಯ ನಾಟಕವೋ! ಎದುರುಬದುರು ಕೂತ ಇಬ್ಬರೂ ಕಿಟಕಿಯಾಚೆ ನೋಡಿದರು.

ಅಷ್ಟರಲ್ಲಿ ಮಿಲ್ಲಿನ ಚಿಮಣಿ ಕಾಣಿಸಿತು. ಇಷ್ಟು ಬೇಗ!

“ಬರ್ತೀನ್ರಿ...” ಅವನು ಎದ್ದ. ಇಳಿದು ಕಿಟಕಿಯ ಬಳಿ ನಿಂತ. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ.

ಗಾರ್ಡು ಸೀಟಿ ಊದಿದ.

ಅವಳ ತಾಳ್ಮೆ ಮುಗಿಯಿತು. ದೇವರು ಬೇಡ ಅಂದರೂ ಸರಿ, ಮಾನ ಹೋದರೂ ಸರಿ!

“ಸೋಮವಾರ ನನ್ನ ನೋಡೋಕೆ ಬರ್ತಾರೆ. ಹೂಂ ಅನ್ನಲಾ?”

“ಅನ್ನಬ್ಯಾಡ್ರಿ!” ಪ್ಲಾಟ್‌ಫಾರಂ ತಿರುಗಿ ನೋಡುವ ಹಾಗೆ ಕೂಗಿದ.

“ಯಾಕೆ ಅನ್ನಬಾರದು?”

“ನಾನಿದೀನಲ್ರಿ!”

ಅವಳ ಕಣ್ಣು ತುಂಬಿ ಬಂತು. “ತಿಂಗಳಿಂದ ಎಲ್ಲಿದ್ರಿ?”

“ನೀವು ಹೊಲ-ಮನಿ ಇದ್ದೋರು, ನಾನು ಮಿಲ್ಲಿನಾಗೆ ದುಡಿಯೋನು... ಇವತ್ತು ದೇವರನ್ನೇ ಕೇಳ್ದೆ, ‘ಸುಮ್ನೆ ಇದ್ದುಬಿಡ್ಲಾ’ ಅಂತ. ಹೂವು ಎಡಕ್ಕೆ ಬಿತ್ತು. ಸುಮ್ನಿರಬ್ಯಾಡ ಅಂತಲ್ಲೇನ್ರಿ? ಹೇಳೋಣ ಅಂತ ತಿರುಗಿದ್ರೆ ನೀವು ಮುಖ ಗಂಟು ಹಾಕ್ಕೊಂಡು ಹೊಂಟೇಬಿಟ್ರಿ!”

ಅದೇ ಹೂವು... ಅವಳು ಅಳುತ್ತಲೇ ನಕ್ಕುಬಿಟ್ಟಳು.

ರೈಲು ಕದಲಿತು. ಅವನೂ ಕಿಟಕಿಯ ಜೊತೆಗೆ ನಡೆಯತೊಡಗಿದ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಗದರಿದಳು.

“ನಾಳೆ ಬೆಳಿಗ್ಗೆ ಗಾಡಿಗೆ ನಿಮ್ಮವ್ವನ್ನ ಕರ್ಕೊಂಡು ತುಮಕೂರಿಗೆ ಬಾರಪ್ಪ. ಸೋಮವಾರಕ್ಕಿಂತ ಮುಂಚೆ ಭಾನುವಾರ ಐತೆ!”

“ಬರ್ತೀನಿ ಅಮ್ಮಾ!” ಅವನ ಹೆಜ್ಜೆ ಓಟವಾಯಿತು. “ಮಂಗಳಾ... ನೀವೇನು ಕೇಳ್ಕೊಂಡಿದ್ರಿ ದೇವರನ್ನ?”

“ನೀವಾಗೇ ಬಾಯಿ ಬಿಡ್ತೀರಾ ಅಂತ!”

“ಏನಂದ?”

“ಊಹೂಂ ಅಂದ!” ಅವಳು ಕಿಟಕಿಯಿಂದ ಕೈ ಚಾಚಿ ಅವನ ಬೆರಳು ಮುಟ್ಟಿದಳು. “ಸರಿಯಾಗೇ ಅಂದಿದಾನೆ... ಕೊನೆಗೆ ನಾನೇ ಬಿಡಿಸಬೇಕಾಯ್ತಲ್ರೀ!”